ಗುಂಡಿಗೆ ಇದೆಯಾ?

ನಮ್ಮ ಅಂಗಡಿಗೆ ಬಂದವರು ಗಲ್ಲಾದ ಮುಂದೆ ನಿಂತು ಮೊದಲು ಕೇಳುತ್ತಿದ್ದುದು ಇದನ್ನೇ: "ಅಮ್ಮಾ, ಗುಂಡಿಗೆ ಇದೆಯಾ?"

"ನನಗಿದೆ. ನಿನಗೆಷ್ಟು ಬೇಕು?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು.

ಈ ಮಾತನ್ನು ಆಕೆ ಎಷ್ಟು ಸಾವಿರ ಸಲ ಆಡಿದಳೋ ದೇವರಿಗೇ ಗೊತ್ತು. ಕೇಳಿದವರು ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು. ಒಳಗೆ ಒಲೆಯ ಮುಂದೆ ಕುಳಿತ ನಾನೂ ನಗುತ್ತಿದ್ದೆ.

ಗುಂಡಿಗೆ ಎಂದರೆ ನಮ್ಮ ಅಂಗಡಿಯ ಒಂದು ಸಿಹಿ. ಹಾಲನ್ನು ಕೆಂಪಗಾಗುವ ತನಕ ಬತ್ತಿಸಬೇಕು, ಸಕ್ಕರೆ ಹಾಕಿ ಗಟ್ಟಿ ಮಾಡಬೇಕು, ನಡುವೆ ಒಂದು ಬಾದಾಮಿ ಇಟ್ಟು ಮುಷ್ಟಿಯಲ್ಲಿ ಒತ್ತಬೇಕು. ಒತ್ತಿದವರ ಬೆರಳಿನ ಗುರುತು ಅದರ ಮೇಲೆ ಹಾಗೆಯೇ ನಿಲ್ಲುತ್ತದೆ. ಹಿಟ್ಟನ್ನು ಉದ್ದಕ್ಕೆ ಹೊಸೆದು, ಸುರುಳಿ ಸುತ್ತಿ, ಕರಿದು ಪಾಕದಲ್ಲಿ ಅದ್ದಿದ್ದು ಕರುಳು. ಹಣ್ಣಿನ ತಿರುಳನ್ನು ತೆಳ್ಳಗೆ ಹರಡಿ ಒಣಗಿಸಿ ಕೊಯ್ದರೆ ನಾಲಿಗೆ. ಅದರಲ್ಲಿ ತುಸು ಹುಳಿ ಇರಲೇಬೇಕು. ಸಕ್ಕರೆ ಪಾಕಕ್ಕೆ ನೊರೆ ಎಬ್ಬಿಸಿ ಬೆಳ್ಳಗೆ ಮುದುಡಿಸಿದ್ದು ಮಿದುಳು. "ಮಿಕ್ಕವರೆಲ್ಲ ಪುಕ್ಕಟೆ ನನ್ನ ತಲೆ ತಿಂತಾರೆ. ಮಿದುಳು ತಿಂದು ದುಡ್ಡು ಕೊಡೋರು ನೀವೊಬ್ಬರೇ ನೋಡಿ" ಎಂದು ಆಕೆ ಗಿರಾಕಿಗಳನ್ನು ಹೊಗಳುತ್ತಿದ್ದಳು.

ಬೀದಿಯ ಆಚೆ ಬದಿಯಲ್ಲಿ, ನಮ್ಮ ಅಂಗಡಿಗೆ ನೇರ ಎದುರಾಗಿ, ಆಕೆಯ ತವರಿನವರ ಅಂಗಡಿಯಿದೆ. ಅಲ್ಲಿ ಮಾರುವುದು ನಿಜವಾದ ಗುಂಡಿಗೆ, ನಿಜವಾದ ಕರುಳು: ಕುರಿಯ ಒಳಗಿನ ಮಾಂಸ. ಆದರೆ ಅಲ್ಲಿಗೆ ಹೋಗಿ "ಮಿಠಾಯಿ ಕೊಡಿ" ಎಂದರೂ ಮಾಂಸವನ್ನೇ ಕೊಡುತ್ತಾರೆ. ಎಳೆಯ ಮರಿಯ ಕತ್ತಿನ ಬುಡದಲ್ಲಿ ಬೆಳ್ಳನೆಯ ಮೆತ್ತನೆಯ ಗಂಟೊಂದು ಇರುತ್ತದೆ. ಮರಿ ಬೆಳೆದಂತೆ ಅದು ಕರಗಿಹೋಗುತ್ತದೆ. ಆ ಅಂಗಡಿಯಲ್ಲಿ ಅದರ ಹೆಸರು ಮಿಠಾಯಿ. ಮೆಣಸು ಹಾಕಿ ಹುರಿದು, ಬಾಣಲೆಯಿಂದಲೇ ಕೊಡುತ್ತಾರೆ.

ಹೀಗೆ ನಮ್ಮ ಬೀದಿಯಲ್ಲಿ ಸಿಹಿ ಬೇಕಾದವರು ಗುಂಡಿಗೆ ಕೇಳುತ್ತಾರೆ, ಮಾಂಸ ಬೇಕಾದವರು ಮಿಠಾಯಿ ಕೇಳುತ್ತಾರೆ. ಬೀದಿಯವರು ಇದರಲ್ಲಿ ಒಮ್ಮೆಯೂ ತಪ್ಪಿದವರಲ್ಲ.

ಈ ಹೆಸರುಗಳು ಬಂದ ಬಗೆಯನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಎದುರಂಗಡಿಯ ಮಗಳನ್ನು ನಾನು ಮದುವೆಯಾಗುತ್ತೇನೆ ಎಂದಾಗ ನನ್ನ ತಾಯಿ ಬೇಡವೆನ್ನಲಿಲ್ಲ. ಸೊಸೆ ಹೊಸ್ತಿಲು ದಾಟಿ ಒಳಗೆ ಬಂದ ದಿನ ಒಂದೇ ಒಂದು ಮಾತು ಹೇಳಿದರು. "ನೋಡಮ್ಮ, ನಿಮ್ಮಪ್ಪನ ಅಂಗಡಿ ಸಾಮಾನಿನ ಹೆಸರು ಈ ಮನೇಲಿ ಎತ್ತಬೇಡ."

"ಆಗಲಿ ಅತ್ತೆ" ಎಂದಳು ಆಕೆ.

ಮನೆಯಲ್ಲಿ ಎತ್ತಲಿಲ್ಲ. ಹಾಲು ಬತ್ತಿಸುವುದನ್ನು, ಪಾಕದ ಎಳೆ ನೋಡುವುದನ್ನು ನನ್ನ ಪಕ್ಕ ಕುಳಿತು ಕಲಿತಳು. ತಾನೇ ಮೊದಲ ಸಲ ಮಾಡಿದ ಸಿಹಿಯನ್ನು ತಟ್ಟೆಯಲ್ಲಿಟ್ಟು, ಅಂಗಡಿಯ ಗಲ್ಲಾದಲ್ಲಿ ಕುಳಿತಿದ್ದ ಅತ್ತೆಯ ಮುಂದೆ ಹಿಡಿದಳು.

"ಏನಮ್ಮ ಇದು?"

"ಗುಂಡಿಗೆ, ಅತ್ತೆ."

ನನ್ನ ತಾಯಿ ಕೈ ಹಿಂದಕ್ಕೆ ಎಳೆದುಕೊಂಡರು. "ಹೇಳಿದ್ದೆನಲ್ಲ ನಿನಗೆ."

"ಮನೇಲಿ ಎತ್ತಬೇಡ ಅಂದ್ರಿ. ಇದು ಅಂಗಡಿ."

ನನ್ನ ತಾಯಿ ಬಹಳ ಹೊತ್ತು ಆಕೆಯನ್ನೇ ನೋಡಿದರು. ಆಮೇಲೆ ಒಂದನ್ನು ಎತ್ತಿಕೊಂಡು ಕಚ್ಚಿದರು. "ಒಳಗೇನೋ ಇದೆ" ಎಂದರು.

"ಗುಂಡಿಗೆ ಅಂದಮೇಲೆ ಒಳಗೇನಾದರೂ ಇರಬೇಕಲ್ಲ ಅತ್ತೆ."

"ನಾಲಿಗೆ ಬಹಳ ಉದ್ದ ನಿಂದು."

ಅದಾದ ಕೆಲವೇ ದಿನಕ್ಕೆ ಆಕೆ ನಾಲಿಗೆ ಮಾಡಿದಳು. ತುಸು ಉದ್ದವಾಗಿಯೇ ಕೊಯ್ದಿದ್ದಳು. ನನ್ನ ತಾಯಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನೊಂದಿಗೆ ಅತ್ತೆ ಸೊಸೆಯ ಜಗಳ ಮುಗಿಯಿತು. ಹೆಸರುಗಳು ಉಳಿದವು.

ಈ ಸುದ್ದಿ ಬೀದಿ ದಾಟಿ ನನ್ನ ಮಾವನವರ ಕಿವಿಗೆ ಬಿತ್ತು. ಅವರು ಮಾತು ಕಡಿಮೆಯ ಮನುಷ್ಯ. ಮಾಂಸ ಕಡಿಯುವ ಕೊರಡಿನ ಹಿಂದಿದ್ದ ಕಲ್ಲುಹಲಗೆಯ ಮೇಲೆ, ಆ ಬಿಳಿಯ ಗಂಟಿನ ಹಳೆಯ ಹೆಸರನ್ನು ಒರೆಸಿ, ಸುಣ್ಣದ ಕಡ್ಡಿಯಲ್ಲಿ 'ಮಿಠಾಯಿ' ಎಂದು ಬರೆದರು. ಯಾಕೆಂದು ಕೇಳಿದವರಿಗೆ, "ನನ್ನ ಮಗಳು ಇಲ್ಲಿಂದ ಅಷ್ಟು ಹೆಸರು ಹೊತ್ತುಕೊಂಡು ಹೋದಳು. ಅವಳ ಕಡೆಯದು ಒಂದಾದರೂ ಇಲ್ಲಿರಲಿ" ಎಂದರಂತೆ.

ನಮಗೆ ಮಕ್ಕಳಾಗುವುದಿಲ್ಲ ಎಂದು ವೈದ್ಯರು ಖಚಿತವಾಗಿ ಹೇಳಿದ ವರ್ಷ ಆಕೆ ಕರುಳು ಮಾಡಿದಳು. ಯಾಕೆ ಆ ಹೆಸರು ಎಂದು ನಾನು ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಅಂಗಡಿಯ ಕರಿಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ತಾನೇ ಆ ಹೆಸರು ಬರೆದು, 'ಳು' ಅಕ್ಷರದ ಕೊಂಬನ್ನು ಉದ್ದಕ್ಕೆ ಎಳೆದು, ಸುತ್ತಿ ಸುತ್ತಿ ಹಲಗೆಯ ಅಂಚಿನ ತನಕ ಒಯ್ದಳು.

ನಮ್ಮ ಬಳಿಕ ಆಕೆಯನ್ನು ಅಮ್ಮ ಎಂದು ನೆನೆಯುವವರು ಯಾರೂ ಇಲ್ಲ. ಆಕೆಯದು ಎಂದು ಈ ಲೋಕದಲ್ಲಿ ಉಳಿದಿರುವುದು ಆ ಹಲಗೆ, ಅದರ ಮೇಲಿನ ನಾಲ್ಕು ಹೆಸರು.

ಆಕೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಿಂತುಹೋದದ್ದು ಗುಂಡಿಗೆಯೇ. ವೈದ್ಯರು ಅದಕ್ಕೆ ಉದ್ದನೆಯ ಬೇರೆ ಹೆಸರು ಹೇಳಿದರು. ಆಮೇಲೆ ಗಲ್ಲಾದಲ್ಲಿ ನಾನು ಕುಳಿತೆ. ಜನ ಬಂದು ಮೆಲ್ಲಗೆ, ತಲೆ ತಗ್ಗಿಸಿ, "ಗುಂಡಿಗೆ ಇದೆಯಾ?" ಎನ್ನುತ್ತಿದ್ದರು. ನಾನು ಸುಮ್ಮನೆ ತೂಗಿ ಕೊಡುತ್ತಿದ್ದೆ. ಅದಕ್ಕೆ ಇದ್ದ ಉತ್ತರ ಆಕೆಯದು. ನನ್ನ ಬಾಯಿಗೆ ಅದು ಬರುತ್ತಿರಲಿಲ್ಲ.

ನನ್ನ ತಮ್ಮನ ವಿಷಯ ಹೇಳಬೇಕು. ಅಂಗಡಿಯಲ್ಲಿ ಅವನಿಗೆ ಅರ್ಧ ಪಾಲು. ಫೋನು, ಹೊರಗಿನ ವ್ಯವಹಾರ, ದೊಡ್ಡವರ ಮನೆಯ ಬೇಡಿಕೆ, ಎಲ್ಲ ಅವನದೇ. ಒಳ್ಳೆಯವನು, ಮರ್ಯಾದಸ್ಥ. ಆದರೆ ಮರ್ಯಾದೆಯನ್ನು ಗಾಜಿನ ಲೋಟದಂತೆ ಹಿಡಿದುಕೊಂಡು ಓಡಾಡುವವನು. ಎಲ್ಲಿ ತಾಗೀತೋ ಎಂಬ ಭಯ. ಇಷ್ಟು ವರ್ಷದಲ್ಲಿ ಈ ನಾಲ್ಕು ಹೆಸರಲ್ಲಿ ಒಂದನ್ನೂ ಅವನು ನಾಲಿಗೆಯ ಮೇಲೆ ತಂದವನಲ್ಲ. "ಆ ಗುಂಡಗಿರೋದು", "ಆ ಉದ್ದದ್ದು", "ಆ ಬಿಳೀದು" ಎಂದೇ ನಡೆಸಿಕೊಂಡು ಬಂದ. "ನನ್ನ ಮೈದುನ ಸನ್ನೆಯಲ್ಲೇ ವ್ಯಾಪಾರ ಮಾಡ್ತಾನೆ. ಗಿರಾಕಿಗೆ ಕಣ್ಣಿದ್ರೆ ಸಾಕು, ಕಿವಿ ಬೇಡ" ಎಂದು ಆಕೆ ರೇಗಿಸುತ್ತಿದ್ದಳು. ಅವನು ಕೆಂಪಗಾಗುತ್ತಿದ್ದ.

ಊರಿನ ಮೇಲುಭಾಗದಲ್ಲಿ ಒಂದು ದೊಡ್ಡಮನೆ. ಆ ಮನೆಯ ಮಗಳ ಮದುವೆಯ ಮಾತುಕತೆಗೆ ಹುಡುಗನ ಕಡೆಯವರು ಬರುವುದಿತ್ತು. ಮಾತು ಮುಗಿದ ಮೇಲೆ ಬಾಯಿ ಸಿಹಿ ಮಾಡಲು ನಮ್ಮಲ್ಲಿ ಹೇಳಿದ್ದರು. ಫೋನು ಎತ್ತಿದವನು ತಮ್ಮ. "ಅಣ್ಣ, ದೊಡ್ಡಮನೆಗೆ ಆ ಗುಂಡಗಿರೋದು ಬೇಕಂತೆ, ಚೆನ್ನಾಗಿ ಮಾಡು" ಎಂದು ಒಳಗೆ ಬಂದು ಹೇಳಿದ. ನಾನು ಬೆಳಗಿನಿಂದ ಒಲೆ ಬಿಡದೆ ಮಾಡಿದೆ. ಅವನು ಪೆಟ್ಟಿಗೆಯಲ್ಲಿ ಜೋಡಿಸಿ, ಮೇಲೆ ರಂಗಿನ ಕಾಗದ ಸುತ್ತಿ ಇಟ್ಟ. ಮಧ್ಯಾಹ್ನವಾಯಿತು. ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಹೊತ್ತು ಇಳಿಯುವಾಗ ಫೋನು ಬಂತು. ತಮ್ಮ ಎತ್ತಿದ. ಅವನ ಮುಖದ ಬಣ್ಣ ಇಳಿಯುತ್ತ ಹೋದದ್ದನ್ನು ನಾನು ಕುಳಿತಲ್ಲಿಂದಲೇ ನೋಡಿದೆ.

ಆದದ್ದು ಇಷ್ಟು. ದೊಡ್ಡಮನೆಯ ಡ್ರೈವರ್ ಬೀದಿಗೆ ಬಂದು "ಮಿಠಾಯಿ ಎಲ್ಲಿ?" ಎಂದು ಕೇಳಿದ್ದಾನೆ. ಬೀದಿಯವರು ಎದುರಂಗಡಿ ತೋರಿಸಿದ್ದಾರೆ. ನನ್ನ ಭಾವಮೈದುನ, ಅಂದರೆ ಮಾವನವರ ನಂತರ ಆ ಅಂಗಡಿ ನಡೆಸುವ ನನ್ನ ಹೆಂಡತಿಯ ತಮ್ಮ, ಇದ್ದಷ್ಟು ಮಿಠಾಯಿಯನ್ನು ಹುರಿದು, ಮುಚ್ಚಳದ ತಟ್ಟೆಗಳಿಗೆ ತುಂಬಿ ಕಳಿಸಿದ್ದಾನೆ. ಅಲ್ಲಿ, ಎರಡೂ ಕಡೆಯ ಹಿರಿಯರ ನಡುವೆ ಮುಚ್ಚಳ ತೆಗೆದಿದ್ದಾರೆ. ಯಜಮಾನಿ ಗಾಬರಿಯಾಗಿ ಏಳುವಷ್ಟರಲ್ಲಿ ಹುಡುಗನ ಸೋದರಮಾವ ನಾಲ್ಕಾರು ತಿಂದು, ಇದು ಯಾವ ಕಾಯಿಯ ತಿರುಳು ಎಂದು ವಿಚಾರಿಸುತ್ತಿದ್ದರಂತೆ.

"ಎಲ್ಲಾ ಈ ಹೆಸರುಗಳಿಂದ" ಎಂದ ತಮ್ಮ, ಫೋನು ಕೆಳಗಿಟ್ಟು. "ಎಲ್ಲಾ ಈ ಹಾಳು ಹೆಸರುಗಳಿಂದ."

"ಹೋಗಿ ತಪ್ಪಾಯ್ತು ಅಂತ ಹೇಳೋಣ. ನಾನೂ ಬರ್ತೀನಿ" ಎಂದೆ. ಅವನು ಹಲಗೆಯ ಕಡೆ ಒಮ್ಮೆ ನೋಡಿ ಹೊರಗೆ ಹೋದ.

ಮರುದಿನ ಬೆಳಿಗ್ಗೆ ನಾನು ಪ್ರಾರ್ಥನೆ ಮುಗಿಸಿ ಅಂಗಡಿಗೆ ಬಂದಾಗ ಬಣ್ಣದವನು ಏಣಿಯ ಮೇಲಿದ್ದ. ಕೈಯಲ್ಲಿ ಬಿಳಿಬಣ್ಣದ ಡಬ್ಬ. ಹಲಗೆಯ ಕೆಳಗಿನ ಸಾಲಿನಿಂದ ಶುರು ಮಾಡಿದ್ದ. ಮಿದುಳು ಆಗಲೇ ಹೋಗಿತ್ತು.

"ಇಳಿಯಪ್ಪ" ಎಂದೆ.

ಬಣ್ಣದವನು ತಮ್ಮನ ಮುಖ ನೋಡಿದ. ತಮ್ಮ, "ನೀನು ಬಳಿ" ಎಂದ.

ನಾನು ಒಲೆಯ ಪಕ್ಕದ ಸೀಮೆಎಣ್ಣೆ ಬಾಟಲಿ ತೆಗೆದು, ಬಟ್ಟೆ ಅದ್ದಿಕೊಂಡು ಏಣಿಯ ಎರಡನೆಯ ಮೆಟ್ಟಿಲು ಹತ್ತಿದೆ. ಈ ವಯಸ್ಸಿನಲ್ಲಿ ಬಿದ್ದರೆ ಕಷ್ಟವೆಂದು ಬಣ್ಣದವನೇ ಹೆದರಿ ಇಳಿದು ಏಣಿ ಹಿಡಿದುಕೊಂಡ. ಹಸಿ ಬಣ್ಣ ಒಂದಷ್ಟು ಬಿಟ್ಟಿತು. ಅಡಿಯಲ್ಲಿ ಹಳದಿ ಅಕ್ಷರ ಮಂಕಾಗಿ ಕಂಡಿತು.

"ಅಣ್ಣ, ಅಂಗಡೀಲಿ ನನಗೂ ಅರ್ಧ ಇದೆ" ಎಂದ ತಮ್ಮ.

"ಇದೆ. ನಿನ್ನ ಅರ್ಧಕ್ಕೆ ಏನು ಬೇಕಾದ್ರೂ ಬಳಿ."

"ತಮಾಷೆ ಅಲ್ಲ. ಊರೆಲ್ಲ ಏನಂತಿದೆ ಗೊತ್ತಾ? ಹೆಣ್ಣಿನ ಮನೇಗೆ ಕುರಿ ಕತ್ತು ಕಳಿಸಿದ ಮಿಠಾಯಿ ಅಂಗಡಿಯೋರು ಅಂತಿದೆ. ಅತ್ತಿಗೆ ಇರೋ ತನಕ ನಾನು ತುಟಿ ಬಿಚ್ಚಲಿಲ್ಲ. ಅವರ ಆಟ, ಆಡ್ಕೊಳ್ಳಲಿ ಅಂತಿದ್ದೆ. ಈಗ ಅವರೇ ಇಲ್ಲವಲ್ಲ."

"ಅದಕ್ಕೇ."

"ಅದಕ್ಕೇ ಅಂದ್ರೆ?"

"ಅವಳಿದ್ದಿದ್ರೆ ನೀನು ಅಳಿಸಿದ್ರೂ ಮತ್ತೆ ಬರೀತಿದ್ಲು. ಈಗ ಬರೆಯೋಕೆ ಯಾರಿದಾರೆ?"

ಅವನು ಮತ್ತೆ ಬೇರೆ ದಾರಿಯಿಂದ ಬಂದ. "ದಿನಾ ದೇವರ ಹೆಸರು ಹೇಳಿ ಒಲೆ ಹಚ್ತೀಯ. ಅದೇ ಬಾಯಲ್ಲಿ ಕರುಳು, ಮಿದುಳು ಅಂತೀಯ. ನಿನಗೆ ಅಸಹ್ಯ ಅನ್ಸಲ್ವಾ?"

"ಕರುಳು ಮಾಡಿದೋನು ಯಾರು? ನಿನ್ನ ಹೊಟ್ಟೆಯೊಳಗೆ ಅದನ್ನ ಅಷ್ಟು ಅಚ್ಚುಕಟ್ಟಾಗಿ ಸುತ್ತಿ ಇಟ್ಟೋನು ಯಾರು? ಮುಟ್ಟಿ ಮಾಡಿದೋನಿಗೇ ಅಸಹ್ಯ ಆಗಲಿಲ್ಲ, ಹೆಸರು ಹೇಳೋಕೆ ನಿನಗೆ ಅಸಹ್ಯ."

"ಮಾತಲ್ಲಿ ನಿನ್ನ ಗೆಲ್ಲೋಕಾಗಲ್ಲ. ಹೆಸರು ಮಾತ್ರ ಇಲ್ಲಿರಲ್ಲ. ಇದು ಖಂಡಿತ."

"ಹಾಗಾದ್ರೆ ನಾನೂ ಇರಲ್ಲ. ಅದೂ ಖಂಡಿತ."

ನಾನು ಹಲಗೆಯನ್ನು ಮೊಳೆಯಿಂದ ಇಳಿಸಿದೆ. ಅದನ್ನು ಬಗಲಲ್ಲಿ ಇಟ್ಟುಕೊಂಡು, ಸೌಟನ್ನು ಸೊಂಟಕ್ಕೆ ಸಿಕ್ಕಿಸಿ, ಹಾಲು ಬತ್ತಿಸುವ ಬಾಣಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೀದಿಗಿಳಿದೆ. ಬಾಣಲೆ ಭಾರ. ಎದುರಿನಿಂದ ಬರುವ ಗಾಡಿ ಕಾಣುವುದಿಲ್ಲ. ಬಣ್ಣದವನು ಓಡಿಬಂದು, ಕುಂಚ ಹಿಡಿದ ಕೈ ಎತ್ತಿ, ಬೀದಿಯ ನಡುವೆ ನಿಂತು ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿದ. ಸೈಕಲ್ ರಿಪೇರಿಯವನು ಚಕ್ರ ಬಿಟ್ಟು ಎದ್ದು ನಿಂತು ನೋಡಿದ. ನೋಡಲಿ ಎಂದುಕೊಂಡೆ.

ಭಾವಮೈದುನ ಕೊರಡಿನ ಮುಂದಿನಿಂದ ತಲೆ ಎತ್ತಿದ. ನನ್ನನ್ನೂ ಬಾಣಲೆಯನ್ನೂ ಹಲಗೆಯನ್ನೂ ನೋಡಿದ.

"ಏನು ಭಾವ, ಈ ವಯಸ್ಸಲ್ಲಿ ಮನೆ ಅಳಿಯ ಆಗೋಕೆ ಬಂದ್ರಾ?"

"ಜಾಗ ಇದ್ಯೋ ಇಲ್ವೋ ಹೇಳು."

"ಅಳಿಯನಿಗೆ ಜಾಗ ಇಲ್ಲ ಅಂದ್ರೆ ಅಕ್ಕ ಬಿಡ್ತಾಳಾ? ಎಲ್ಲಿದ್ರೂ ಬಂದು ಕಿವಿ ಹಿಂಡ್ತಾಳೆ." ಅವನು ಕತ್ತಿ ಕೆಳಗಿಟ್ಟ. ಬಾಗಿಲ ಪಕ್ಕದ ಕಲ್ಲುಕಟ್ಟೆಯನ್ನು ಖಾಲಿ ಮಾಡಿ, ಕುದಿಯುವ ನೀರು ಸುರಿದು, ಬೂದಿ ಹಾಕಿ ತಾನೇ ತಿಕ್ಕಿದ. ಮಾಂಸದ ಕಡೆಗೂ ಆ ಕಟ್ಟೆಗೂ ನಡುವೆ ಒಂದು ಒಗೆದ ಬಿಳಿ ಬಟ್ಟೆ ಇಳಿಬಿಟ್ಟ. ಹಲಗೆಯನ್ನು, ಕುರಿಯ ಮಾಂಸ ತೂಗುಹಾಕುವ ಕೊಕ್ಕೆಗಳಲ್ಲಿ ಎರಡನ್ನು ತೊಳೆದು, ಅವಕ್ಕೇ ಸಿಕ್ಕಿಸಿದ.

ಅಲ್ಲಿ ಒಲೆ ಹಚ್ಚುವ ಮುಂಚೆ ಎಂದಿನಂತೆ ಕೈ ಮುಗಿದೆ. ಹೊಸ ಜಾಗ, ಪಕ್ಕದಲ್ಲಿ ರಕ್ತದ ವಾಸನೆ. ಪ್ರಾರ್ಥನೆ ಬೇರೆಯಾಗಿಯೇ ಬಂತು. ಅವಳನ್ನು ನೀನು ಕರೆದುಕೊಂಡೆ, ಸ್ವಾಮಿ. ನಿನ್ನ ಸೊತ್ತು, ನೀನು ಒಯ್ದೆ. ನಾನು ಜಗಳವಾಡಲಿಲ್ಲ. ಹೆಸರುಗಳು ಅವಳವು. ಅವನ್ನು ಕೊಡುವುದಿಲ್ಲ. ನಿನಗೆ ಕೋಪ ಬಂದರೆ ಬರಲಿ. ಇಷ್ಟು ಹೇಳಿ ಬೆಂಕಿ ಕಡ್ಡಿ ಗೀರಿದೆ. ಒಲೆ ಮೊದಲ ಕಡ್ಡಿಗೇ ಹತ್ತಿಕೊಂಡಿತು. ಅದನ್ನು ನಾನು ಉತ್ತರವೆಂದೇ ತಿಳಿದೆ.

ಆ ದಿನಗಳಲ್ಲಿ ಆ ಅಂಗಡಿಯಲ್ಲಿ ನಡೆದ ವ್ಯಾಪಾರವನ್ನು ಆಕೆ ನೋಡಬೇಕಿತ್ತು.

"ಗುಂಡಿಗೆ ಕೊಡಿ" ಎಂದು ಯಾರಾದರೂ ಬಂದರೆ ಭಾವಮೈದುನ ಕೇಳುವನು: "ಯಾವುದು? ಬಡ್ಕೊಂಡಿದ್ದೋ, ಹಾಲಲ್ಲಿ ಬೆಂದಿದ್ದೋ?"

"ಮಿಠಾಯಿ" ಎಂದರೆ, "ಖಾರದ್ದು ನಂದು, ಸಿಹಿದು ಭಾವಂದು. ಮೂಸಿ ನೋಡಿ ತಗೊಳ್ಳಿ."

ಹೊಲಿಗೆಯಾಕೆ ಒಬ್ಬಳು ಹಲಗೆ ಓದಿ, "ಅಜ್ಜ, ಕರುಳು ಅಂದ್ರೆ ಇವತ್ತು ಯಾವ ಕರುಳು?" ಎಂದಳು. "ಎರಡೂ ಕಡೆ ತೊಳೆದೇ ಇದೆ ತಾಯಿ" ಎಂದ ಭಾವಮೈದುನ, ನನಗಿಂತ ಮುಂಚೆ. ಆಕೆ ಎರಡೂ ಕಡೆಯಿಂದ ಕೊಂಡುಹೋದಳು. ನಾನು ತೂಗಿ ಕೊಡುತ್ತಿದ್ದೆ. "ಗುಂಡಿಗೆ ಇದೆಯಾ?" ಎಂದಾಗ ಮಾತ್ರ ಬಾಯಿ ಇನ್ನೂ ಕಟ್ಟುತ್ತಿತ್ತು.

ಎದುರಿಗೆ ತಮ್ಮ ಹೊಸ ಹಲಗೆ ಹಾಕಿಸಿದ. ಹಾಲಿನ ಉಂಡೆ, ಸಕ್ಕರೆ ಸುರುಳಿ, ಹಣ್ಣಿನ ಹಾಳೆ, ನೊರೆ ಸಿಹಿ. ಅಕ್ಷರಗಳೇನೋ ದುಂಡಗೆ ಚೆನ್ನಾಗಿದ್ದವು. ಜನ ಅದನ್ನು ಓದಿ, "ಹಣ್ಣಿನ ಹಾಳೆ ಅಂದ್ರೇನು?" ಎಂದು ಕೇಳುವರು. ಅವನು "ಅದೇ, ಆ ತೆಳ್ಳಗಿರೋದು" ಎನ್ನುವನು. "ಓ, ನಾಲಿಗೆನಾ?" ಎಂದು ಅವರು. ಅವನು ತಲೆಯಾಡಿಸುವನು. ಮಾಡಿಟ್ಟಿದ್ದ ಸರಕು ಮುಗಿಯುತ್ತ ಬಂತು. ಹೊಸದಾಗಿ ಮಾಡಲು ಬಾಣಲೆ ಅಲ್ಲಿರಲಿಲ್ಲ. ಸಂಜೆಯ ಹೊತ್ತು ಅವನು ಗಲ್ಲಾದ ಹಿಂದೆ ಒಬ್ಬನೇ ನಿಂತು ಈ ಕಡೆ ನೋಡುವುದು ನನಗೆ ಕಾಣುತ್ತಿತ್ತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ಕರುಳು ಚುರ್ ಎನ್ನದೆ ಇರಲಿಲ್ಲ. ಆದರೂ ಹೋಗಲಿಲ್ಲ.

ಒಂದು ದಿನ ಬೆಳಿಗ್ಗೆ ದೊಡ್ಡಮನೆಯ ಕಾರು ಬಂದು ಎರಡು ಅಂಗಡಿಗಳ ನಡುವೆ ನಿಂತಿತು. ಹಿಂದಿನ ಬಾಗಿಲಿನಿಂದ ಯಜಮಾನಿ ಇಳಿದರು. ಆ ಕಡೆಯ ಹಲಗೆ ಓದಿದರು, ಈ ಕಡೆಯ ಹಲಗೆ ಓದಿದರು, ಸೆರಗು ಬಿಗಿದುಕೊಂಡು ನೇರ ನಮ್ಮ ಕಡೆ ಬಂದರು. ಹಿಂದೆ ಡ್ರೈವರ್.

"ಇಲ್ಲಿ ಮಿಠಾಯಿ ಅಂದ್ರೆ ಏನು ಕೊಡ್ತೀರಿ?" ಎಂದು ಕೇಳಿದರು.

ಭಾವಮೈದುನ ಕತ್ತಿ ಒರೆಸಿಟ್ಟು, ಏನು ಕೊಡುತ್ತಾನೋ ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದ.

"ನಮ್ಮ ಡ್ರೈವರಿಗೆ ಕೊಟ್ಟಿದ್ದೂ ಇದೇನಾ?"

"ಹೌದಮ್ಮ. ಮಿಠಾಯಿ ಅಂದ, ಮಿಠಾಯಿ ಕೊಟ್ಟೆ. ದೊಡ್ಡಮನೆಗೆ ಅಂತ ಮೆಣಸು ಒಂದು ಹಿಡಿ ಜಾಸ್ತಿನೇ ಹಾಕಿದ್ದೆ."

ಯಜಮಾನಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನಾನು ಕೇಳಿದ್ದು ಮಿಠಾಯಿ ಅಲ್ಲ" ಎಂದರು. "ನಾನು ಕೇಳಿದ್ದು ಗುಂಡಿಗೆ."

ನನ್ನ ಕೈಯಲ್ಲಿದ್ದ ಸೌಟು ನಿಂತಿತು.

"ಗುಂಡಿಗೆ ಅಂತಲೇ ಫೋನಲ್ಲಿ ಹೇಳಿದೆ. ನಮ್ಮತ್ತೆ ಪಕ್ಕದಲ್ಲೇ ಕೂತು ಹೇಳಿಸಿದ್ರು. ಆ ಕಡೆ ಮಾತಾಡಿದೋರು, ಹಾಗನ್ನಬೇಡಿ ಅಮ್ಮ, ನಿಮ್ಮಂಥವರ ಬಾಯಲ್ಲಿ ಚೆನ್ನಾಗಿರಲ್ಲ, ಮಿಠಾಯಿ ಅನ್ನಿ, ಬೀದಿಗೆ ಬಂದು ಮಿಠಾಯಿ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ ಅಂದ್ರು. ನಾನು ಹಾಗೇ ಹೇಳಿ ಇವನನ್ನ ಕಳಿಸಿದೆ."

"ಯಾರು ಬೇಕಾದ್ರೂ ತೋರಿಸಿದ್ರು" ಎಂದ ಡ್ರೈವರ್. ಪಾಪ, ಅವನಿಗೂ ಸಾಕಷ್ಟು ಬೈಗುಳ ಬಿದ್ದಿತ್ತೆಂದು ಕಾಣುತ್ತದೆ.

ತಮ್ಮ ಅಷ್ಟು ಹೊತ್ತಿಗೆ ಬೀದಿ ದಾಟಿ ಬಂದಿದ್ದ. ಯಜಮಾನಿಗೆ ತಪ್ಪಾಯಿತು ಎನ್ನಲು ಕೈ ಮುಗಿದುಕೊಂಡೇ ಬಂದವನು ಈ ಮಾತು ಕೇಳಿ ಹಾಗೆಯೇ ನಿಂತ. ಮುಗಿದ ಕೈ ಮುಗಿದಂತೆಯೇ ಇತ್ತು. ಆ ಹೆಸರನ್ನು ಇನ್ನೊಬ್ಬರ ಬಾಯಿಂದಲೂ ತೆಗೆಸಿಹಾಕಿದ್ದು ತಾನು. ಆದದ್ದೆಲ್ಲ ಅಲ್ಲಿಂದ ಆಯಿತು. ಅದು ಅವನಿಗೆ ತಿಳಿಯಿತು. ನನಗೂ ಆಗಲೇ ತಿಳಿದದ್ದು.

"ನೋಡಿ ಭಾವ" ಎಂದ ಭಾವಮೈದುನ, ಯಾರ ಮುಖವನ್ನೂ ನೋಡದೆ. "ಗುಂಡಿಗೆ ಇಲ್ಲದೇ ಹೋದ್ರೆ ಹೀಗೇ ಆಗೋದು."

ಸೈಕಲ್ ರಿಪೇರಿಯವನು ನಕ್ಕ. ನಾನು ನಗಲಿಲ್ಲ. ಬೇರೆ ದಿನವಾಗಿದ್ದರೆ ತಮ್ಮನಿಗೆ ನಾನೂ ನಾಲ್ಕು ಮಾತು ಹೇಳುತ್ತಿದ್ದೆನೋ ಏನೋ. ಅವನ ಕಿವಿ ಕೆಂಪಗಾಗಿತ್ತು, ಅತ್ತಿಗೆ ರೇಗಿಸಿದಾಗ ಆಗುತ್ತಿದ್ದಂತೆ.

ಯಜಮಾನಿಯ ದನಿ ತಗ್ಗಿತು. "ಜಗಳಕ್ಕೆ ಬಂದವಳಲ್ಲ ನಾನು. ಮಾತುಕತೆ ಚೆನ್ನಾಗೇ ಮುಗೀತು. ಹುಡುಗನ ಸೋದರಮಾವ ಆ ಖಾರದ ಮಿಠಾಯಿ ಮತ್ತೆ ಯಾವಾಗ ಅಂತ ಕೇಳಿ ಕಳಿಸಿದಾರೆ. ಅದು ಬೇರೆ ಮಾತು. ನಮ್ಮತ್ತೆಗೆ ಎದ್ದು ಓಡಾಡೋಕೆ ಆಗಲ್ಲ. ಆ ದಿನ ಗುಂಡಿಗೆ ಬರುತ್ತೆ ಅಂತ ತಟ್ಟೆ ತೊಡೆ ಮೇಲಿಟ್ಕೊಂಡು ಕಾದಿದ್ರು. ಈಗಲೂ ದಿನಾ ಕೇಳ್ತಾರೆ. ಮೊದಲೆಲ್ಲ ಅವರೇ ಇಲ್ಲಿಗೆ ಬರ್ತಿದ್ರಂತೆ. 'ಆ ಅಮ್ಮನ್ನ ಇದೆಯಾ ಅಂತ ಕೇಳಿ ನೋಡು, ಅವಳು ಹೇಳೋ ಉತ್ತರ ಕೇಳ್ಕೊಂಡು ಬಾ' ಅಂತ ನನ್ನನ್ನೇ ಕಳಿಸಿದಾರೆ. ಎಲ್ಲಿ ಆ ಅಮ್ಮ?"

ಭಾವಮೈದುನ ಕೊರಡಿನ ಮೇಲೆ ಏನೂ ಇಲ್ಲದಿದ್ದರೂ ಬಟ್ಟೆಯಿಂದ ಒರೆಸತೊಡಗಿದ.

"ಇಲ್ಲಮ್ಮ. ಹೋದಳು" ಎಂದೆ.

ಯಜಮಾನಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಆಗ ತಮ್ಮ ಒಂದು ಹೆಜ್ಜೆ ಮುಂದೆ ಬಂದ. ಮುಗಿದಿದ್ದ ಕೈ ಬಿಟ್ಟು ಕಲ್ಲುಕಟ್ಟೆಯ ಅಂಚು ಹಿಡಿದುಕೊಂಡ.

"ಅಣ್ಣ" ಎಂದ. "ಅಮ್ಮನವರಿಗೆ ಒಂದು ಪೆಟ್ಟಿಗೆ ಕಟ್ಟಿಕೊಡಬೇಕು."

"ಏನು ಕಟ್ಟಲಿ?"

"ಅದೇ."

"ಯಾವುದು?"

ಅವನು ನನ್ನ ಮುಖ ನೋಡಿದ. ಆ ಕೊಕ್ಕೆಗಳಿಗೆ ತೂಗಿದ್ದ ಹಲಗೆ ನೋಡಿದ. ಬೀದಿಯವರೆಲ್ಲ ಕೇಳುತ್ತಿದ್ದರು. ಕಡೆಗೆ ಸೈಕಲ್ ರಿಪೇರಿಯವನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದ:

"ಅಣ್ಣ, ಗುಂಡಿಗೆ ಇದೆಯಾ?"

ಬಾಯಿ ಕಟ್ಟುತ್ತದೆಂದುಕೊಂಡೆ. ಕಟ್ಟಲಿಲ್ಲ.

"ನನಗಿದೆ" ಎಂದೆ. "ನಿನಗೆಷ್ಟು ಬೇಕು?"

ಯಜಮಾನಿ ಆ ಉತ್ತರವನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡರು, ಮನೆಗೆ ಹೋಗುವಷ್ಟರಲ್ಲಿ ಮರೆಯಬಾರದೆಂಬಂತೆ.

ಪೆಟ್ಟಿಗೆಯನ್ನು ತಮ್ಮನೇ ಕಟ್ಟಿದ. ಆ ಸಂಜೆ ಬಾಣಲೆಯ ಒಂದು ಹಿಡಿ ಅವನು, ಒಂದು ಹಿಡಿ ನಾನು ಹಿಡಿದು ಬೀದಿ ದಾಟಿದೆವು. ಹಲಗೆಯನ್ನು ಮೊದಲಿನ ಮೊಳೆಗೆ ಹಾಕಲು ನಾನು ಒಪ್ಪಲಿಲ್ಲ. ಒಳಗೋಡೆಯ ಮೊಳೆ ಅದು. ಒಳಗೆ ಬಂದವರಿಗೆ ಮಾತ್ರ ಕಾಣುತ್ತಿತ್ತು. ಹೊರಗೆ, ಬಾಗಿಲ ನೆತ್ತಿಯ ಮೇಲೆ, ಬೀದಿಯ ಎರಡೂ ತುದಿಗೆ ಕಾಣುವ ಹಾಗೆ ಹಾಕಿಸಿದೆ. ಏಣಿ ಹತ್ತಿದವನು ಅದೇ ಬಣ್ಣದವನು.

"ಅಜ್ಜ, ಈ ಕೆಳಗಿನ ಹೆಸರು ಮಂಕಾಗಿದೆ. ಹಳದಿ ತಂದಿದೀನಿ, ಮೇಲೆ ಒಂದು ಸಲ ಎಳೆದುಬಿಡ್ಲಾ?" ಎಂದು ಕೇಳಿದ.

ತಮ್ಮ, "ಎಳೆಸೋಣ ಅಣ್ಣ" ಎಂದ.

"ಬೇಡ" ಎಂದೆ. "ಬೇರೆಯವರ ಕೈ ಅದರ ಮೇಲೆ ಬೇಡ. ನಿನ್ನ ಮಿದುಳು ಹೋಗಿದ್ದ ದಿನದ ಗುರುತು, ಇರಲಿ ಬಿಡು."

ಹಾಗೆಯೇ ಇದೆ. ಬಿಳಿಯ ಅಡಿಯಲ್ಲಿ ಹಳದಿ ಸ್ವಲ್ಪ ಕಷ್ಟಪಟ್ಟೇ ಕಾಣಿಸುತ್ತದೆ. ಬೇಕಾದವರು ನಿಂತು ಓದುತ್ತಾರೆ.